ಮಿಂಚುಳ್ಳಿಯ ಹಾಳೆ

ನನ್ನನ್ನು ಯಾರೂ ಏಮಾರಿಸಿಲ್ಲ ಎಂದು ಅರವತ್ತಮೂರು ವರ್ಷ ಎದೆ ತಟ್ಟಿಕೊಂಡು ಓಡಾಡಿದವನು ನಾನು. ಆಮೇಲೆ ಗೊತ್ತಾಯಿತು, ಐದು ಜನ ಹೆಂಗಸರು ಸೇರಿ ಮೂರು ವರ್ಷ, ಅದೂ ನಾನು ಊಟಕ್ಕೆ ಹೋದ ಹೊತ್ತು ನೋಡಿಕೊಂಡು, ನನ್ನ ಕಣ್ಣಿಗೆ ಮಣ್ಣೆರಚಿದ್ದರು ಎಂದು. ಅದನ್ನು ನಾನೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಊರಿನವರು ತಮಗೆ ಬೇಕಾದ ಹಾಗೆ ಉಪ್ಪು ಖಾರ ಹಚ್ಚಿ ಹೇಳಿಕೊಳ್ಳುತ್ತಾರೆ. ಅವರನ್ನು ಈಗಲೂ ನಾನು ಪೂರ್ತಿ ನಂಬುವುದಿಲ್ಲ.

ನಮ್ಮೂರಿನಲ್ಲಿ ವರ್ಷದ ಮೊದಲ ದೊಡ್ಡ ಮಳೆಗೆ ಹಕ್ಕಿಗಳ ಬಣ್ಣ ತೊಳೆದುಹೋಗುತ್ತದೆ. ಗಿಳಿಗಳಿಂದ ಹಸಿರು ತೊಟ್ಟಿಕ್ಕುತ್ತದೆ, ಹೊನ್ನಕ್ಕಿಯಿಂದ ಹಳದಿ. ಆ ದಿನ ಯಾರೂ ಒಳ್ಳೆಯ ಬಟ್ಟೆಯನ್ನು ಹೊರಗೆ ಒಣಹಾಕುವುದಿಲ್ಲ. ಆಮೇಲೆ ನಲವತ್ತು ದಿನ ಊರಿನ ಹಕ್ಕಿಗಳೆಲ್ಲ ಕಾಗದದಷ್ಟು ಬಿಳಿ. ಈ ಬಿಳಿ ದಿನಗಳಲ್ಲಿ ಯಾರದಾದರೂ ಮನೆಯಲ್ಲಿ ಶ್ರಾದ್ಧ ಬಂದರೆ, ಪಿಂಡ ಮುಟ್ಟಿದ್ದು ಕಾಗೆಯೋ ಕೋಗಿಲೆಯೋ ಎಂದು ಪುರೋಹಿತರು ವಿಚಾರಿಸುವುದಿಲ್ಲ. ಮುಟ್ಟಿತಲ್ಲ, ಕೈತೊಳೆದುಕೊಂಡು ಏಳಿ ಎನ್ನುತ್ತಾರೆ. ಶಕುನ ಹೇಳುವವರು ಕೆಲಸವಿಲ್ಲದೆ ಚಾವಡಿಯಲ್ಲಿ ಕೂತು ಚೌಕಾಬಾರ ಆಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರವೆಲ್ಲ ಮುಂದಕ್ಕೆ ಹೋಗುತ್ತದೆ.

ಆ ನಲವತ್ತು ದಿನ ಬಣ್ಣದ ಮನೆಯಲ್ಲಿ ಮಾತ್ರ ಬಿಡುವಿಲ್ಲದ ಕೆಲಸ. ಬಣ್ಣದ ಮನೆ ಎಂದರೆ ಕೆರೆ ಏರಿಯ ಕೆಳಗಿರುವ ಉದ್ದನೆಯ ಹೆಂಚಿನ ಕಟ್ಟಡ. ಅಲ್ಲಿ ನೂರಾ ಹನ್ನೆರಡು ತಾಮ್ರದ ತಗಡುಗಳಿವೆ, ಊರಿನ ಒಂದೊಂದು ಜಾತಿಯ ಹಕ್ಕಿಗೆ ಒಂದೊಂದು. ಗರಿ ಗರಿಯನ್ನೂ ಬಿಡದೆ ಗೆರೆ ಕೊರೆದಿರುವ ಆ ತಗಡಿಗೆ ಮಸಿ ಬಳಿದು, ಒರೆಸಿ, ಒದ್ದೆ ಕಾಗದ ಇಟ್ಟು ಉರುಳೆಯ ಕೆಳಗೆ ಹಾಯಿಸಿದರೆ ಹಕ್ಕಿ ಕಪ್ಪು ಗೆರೆಯಲ್ಲಿ ಮೂಡುತ್ತದೆ, ಕೂತ ಕೊಂಬೆ, ಕಚ್ಚಿದ ಹಣ್ಣು, ಕಾಲಿನ ಉಗುರು ಸಮೇತ. ಆಮೇಲೆ ಹಾಳೆ ಉದ್ದ ಮೇಜಿನ ಮೇಲೆ ಹೆಂಗಸರ ಕೈಯಿಂದ ಕೈಗೆ ಹೋಗುತ್ತದೆ. ಒಬ್ಬೊಬ್ಬರಿಗೆ ಒಂದೊಂದೇ ಬಣ್ಣ. ಹಳದಿಯವಳು ತನ್ನ ಪಾಲು ಮುಗಿಸಿ ಕೆಂಪಿನವಳ ಕಡೆ ಸರಿಸುತ್ತಾಳೆ, ಕೆಂಪಿನವಳು ಹಸಿರಿನವಳ ಕಡೆ, ಅವಳು ನೀಲಿಯವಳ ಕಡೆ. ಐದನೆಯವಳು ನಂಜಮ್ಮಜ್ಜಿ, ಎಲ್ಲರ ಬಣ್ಣಕ್ಕೂ ಜಾಲಿಯ ಅಂಟು ಕಾಯಿಸಿ ಬೆರೆಸಿಕೊಡುವವಳು. ಕೊನೆಗೆ ಹಾಳೆ ನನ್ನ ಮುಂದೆ ಬರುತ್ತದೆ. ಸರಿಯಿದ್ದರೆ ಕೆಳಗಿನ ಮೂಲೆಯಲ್ಲಿ ಮುದ್ರೆ ಒತ್ತುತ್ತೇನೆ.

ನಲವತ್ತೊಂದನೆಯ ಬೆಳಿಗ್ಗೆ ಎಲ್ಲ ಹಾಳೆಗಳನ್ನೂ ಅಂಗಳದ ಮೂಡಣಕ್ಕೆ ಮುಖ ಮಾಡಿದ ಗೋಡೆಗೆ ಹಾಕುತ್ತೇವೆ. ಬಿಳಿ ಹಕ್ಕಿಗಳು ಬಂದು ತಮ್ಮ ತಮ್ಮ ಹಾಳೆಯ ಮುಂದೆ ಸ್ವಲ್ಪ ಹೊತ್ತು ಕೂತು, ಬಣ್ಣ ತೆಗೆದುಕೊಂಡು ಹೋಗುತ್ತವೆ. ಹಾಳೆ ಇಲ್ಲದ ಹಕ್ಕಿ, ಮುದ್ರೆ ಇಲ್ಲದ ಹಾಳೆಯ ಹಕ್ಕಿ, ನಡುಮಧ್ಯಾಹ್ನದವರೆಗೆ ಕಾಯುತ್ತದೆ. ಆಮೇಲೆ ಊರು ಬಿಟ್ಟು ಹೋಗುತ್ತದೆ, ಮತ್ತೆ ಬರುವುದಿಲ್ಲ. ನಮ್ಮ ತಾತನ ಕಾಲದಲ್ಲಿ ಒಂದು ವರ್ಷ ಮರಕುಟಿಗದ ಹಾಳೆಯನ್ನು ಗೆದ್ದಲು ತಿಂದಿತ್ತಂತೆ. ಅಂದಿನಿಂದ ನಮ್ಮೂರಿನ ಮಾವಿನ ಮರಗಳಲ್ಲಿ ಹುಳುಗಳದ್ದೇ ರಾಜ್ಯ.

ಮುದ್ರೆ ನೆಲ್ಲಿಕಾಯಿ ಗಾತ್ರದ್ದು, ಹಿತ್ತಾಳೆಯದು. ಇಪ್ಪತ್ತೆಂಟು ವರ್ಷದಿಂದ ನನ್ನ ಉಡಿದಾರದಲ್ಲಿದೆ, ಸ್ನಾನಕ್ಕೂ ಬಿಚ್ಚುವುದಿಲ್ಲ. ಊರಿನವರು ನನ್ನನ್ನು ಮುದ್ರೆ ಮೇಷ್ಟ್ರು ಎನ್ನುತ್ತಾರೆ. ನರಹರಿ ಎಂಬ ಹೆಸರು ನೆನಪಿಟ್ಟುಕೊಂಡಿರುವುದು ನನಗಿಂತ ಹಿರಿಯಳಾದ ನಂಜಮ್ಮಜ್ಜಿ ಒಬ್ಬಳೇ. ಅದೇ ಉಡಿದಾರದಲ್ಲಿ ಒಂದು ಬೀಗದ ಕೈಯೂ ಇದೆ. ಅದು ಮಾದರಿ ಪೆಟ್ಟಿಗೆಯದು. ಒಂದೊಂದು ಹಕ್ಕಿಯ ಸರಿಯಾದ ಬಣ್ಣ ಇಂಥದ್ದು ಎಂದು ತೋರಿಸುವ ಹಾಳೆಗಳು ಅದರಲ್ಲಿವೆ. ನನಗಿಂತ ಮೊದಲಿದ್ದವರು ಮಾದರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಮುದ್ರೆ ಒತ್ತುತ್ತಿದ್ದರು. ನಾನು ಆ ಪದ್ಧತಿ ನಿಲ್ಲಿಸಿದೆ. ದಿನವೂ ಹೊರಗಿಟ್ಟರೆ ಯಾರು ನಕಲು ಮಾಡುತ್ತಾರೋ, ಯಾರು ಬದಲಾಯಿಸುತ್ತಾರೋ! ನೂರಾ ಹನ್ನೆರಡು ಹಕ್ಕಿಯ ಬಣ್ಣವೂ ನನ್ನ ತಲೆಯಲ್ಲಿದೆ, ಪೆಟ್ಟಿಗೆ ಬೀಗದಲ್ಲಿರಲಿ ಎಂದೆ. ಹನ್ನೊಂದು ವರ್ಷ ಅದನ್ನು ತೆರೆಯಲಿಲ್ಲ.

ಅದರಲ್ಲಿರುವ ಮಿಂಚುಳ್ಳಿಯ ಮಾದರಿ ನನ್ನ ಕೈಯದೇ. ಮುದ್ರೆ ಸಿಗುವ ಮೊದಲು ನಾನೂ ಆ ಮೇಜಿನಲ್ಲಿ ನೀಲಿಯವನಾಗಿ ಕೂತಿದ್ದೆ. ಹಳೆಯ ಮಾದರಿಗೆ ತೇವ ಹಿಡಿದು ಕೆಟ್ಟಾಗ ಹೊಸದು ಬರೆಯುವ ಕೆಲಸ ನನಗೆ ಬಂತು. ಹನ್ನೆರಡು ದಿನ ಹಿಡಿಯಿತು. ನನ್ನ ಬದುಕಿನಲ್ಲಿ ನಾನು ಮಾಡಿದ ನಿಜವಾದ ಒಳ್ಳೆಯ ಕೆಲಸ ಅದೊಂದೇ ಎಂದು ಈಗಲೂ ಅನ್ನಿಸುತ್ತದೆ. ಮುಗಿದ ಮೇಲೆ, ಯಾರಾದರೂ ಇದನ್ನು ಕದ್ದು ಬೇರೆಯದು ಇಟ್ಟರೆ ಗೊತ್ತಾಗಲಿ ಎಂದು, ಬಲಗಾಲಿನ ಮೂರನೆಯ ಉಗುರಿನ ಮೇಲೆ ಸೂಜಿಯಿಂದ ಒಂದು ತೂತು ಮಾಡಿದ್ದೆ. ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥದ್ದು. ಹೆಂಡತಿ ಬದುಕಿದ್ದಾಗ ಅವಳಿಗೂ ಇದನ್ನು ಹೇಳಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಬಣ್ಣದ ಮನೆಯಿಂದ ಒಬ್ಬನನ್ನು ಹೊರಗೆ ಹಾಕಿಸಿದೆ. ತಗಡು ಕೊರೆಯುವ ನಾಗಲಿಂಗಾಚಾರಿ. ತಗಡು ಸವೆದಾಗ ಗೆರೆಗಳನ್ನು ಮತ್ತೆ ಆಳ ಮಾಡುವುದು ಅವನ ಕೆಲಸ. ಒಂದು ದಿನ ನಾನು ನೀಲಕಂಠದ ಹಾಳೆಯನ್ನು ಎರಡನೆಯ ಸಲ ವಾಪಸು ಕಳಿಸಿದಾಗ ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. “ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಹಾಳೆ ಸರಿಯಾಗೇ ಇದೆ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ.” ನನಗೆ ತಕ್ಷಣ ಅರ್ಥವಾಯಿತು. ಇವನ ಕಣ್ಣು ನನ್ನ ಮುದ್ರೆಯ ಮೇಲಿದೆ! ಇವನು ಮುದ್ರೆಗೆ ಹೊಂಚು ಹಾಕುತ್ತಿದ್ದಾನೆ ಎಂದು ಊರಿನ ಹಿರಿಯರಿಗೆ ಒಂದು ಕಾಗದ ಬರೆದೆ, ಮೂರು ಸಾಲು. ಬಣ್ಣದ ಮನೆಯಿಂದ ಹೊರಹಾಕಿದವರು ಜನ್ಮದಲ್ಲಿ ಮತ್ತೆ ಆ ಹೊಸ್ತಿಲು ತುಳಿಯುವಂತಿಲ್ಲ, ಅದು ನಮ್ಮೂರ ಕಟ್ಟಳೆ. ಈಗ ಅವನು ಪಾತ್ರೆ ಅಂಗಡಿಯ ಜಗಲಿಯಲ್ಲಿ ಕೂತು, ಮದುವೆಗೆ ಕೊಡುವ ತಟ್ಟೆ ಲೋಟಗಳ ಮೇಲೆ ಹೆಸರು ಕೊರೆಯುತ್ತಾನೆ.

ಅವನು ಹೋದ ಮೇಲೆ ಲೋಕವೇ ಕೆಡುತ್ತ ಬಂತು ಎಂದು ನಾನು ತಿಳಿದಿದ್ದೆ. ಕಾಗದ ಕಳಿಸುವವನು ಹಳೆಯ, ಹಳದಿ ತಿರುಗಿದ ಕಾಗದ ಕಳಿಸತೊಡಗಿದ. ಬಟ್ಟೆ ಒಗೆಯುವ ಮುದ್ದಯ್ಯ ನನ್ನ ಪಂಚೆಯನ್ನು ಕೊಳೆನೀರಿನಲ್ಲಿ ಅದ್ದಿ ತರುತ್ತಿದ್ದ. ಬೈದರೆ, “ಇದಕ್ಕಿಂತ ಬೆಳ್ಳಗೆ ಬೇಕೂಂದ್ರೆ ಸುಣ್ಣ ಬಳಿಬೇಕು ಮೇಷ್ಟ್ರೇ” ಎನ್ನುತ್ತಿದ್ದ, ಸೊಕ್ಕಿನಿಂದ. ದೀಪದ ಎಣ್ಣೆಯಲ್ಲೂ ಏನೋ ಬೆರಕೆ, ಹಚ್ಚಿದರೆ ಸುತ್ತ ಬಳೆ ಬಳೆಯಾಗಿ ಕಾಣುತ್ತಿತ್ತು. ನಾನು ಎಲ್ಲರನ್ನೂ ಒಂದು ಕಣ್ಣಿಟ್ಟು ನೋಡುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಕೆಟ್ಟದ್ದು ನೀಲಿ. ನೀಲಿಗೆ ಕೂರುವವಳು ದೇವೀರಮ್ಮ, ಮೂವತ್ತೈದರ ಹೆಂಗಸು. ತಾಯಿಯಿಂದ ಅವಳಿಗೆ ಆ ಜಾಗ ಬಂದಿತ್ತು, ಮುಂದೆ ಅವಳ ಮಗಳಿಗೆ ಹೋಗಬೇಕು. ಬೈದರೆ ಎದುರು ಮಾತಾಡುವುದಿಲ್ಲ, ತಲೆ ತಗ್ಗಿಸಿ ಹಾಳೆ ವಾಪಸು ತೆಗೆದುಕೊಂಡು ಹೋಗುತ್ತಾಳೆ. ಬೈಸಿಕೊಂಡು ಸುಮ್ಮನಿರುವವರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಅವಳ ಮಿಂಚುಳ್ಳಿ ಮೊದಲ ಸಲ ನನ್ನ ಮುಂದೆ ಬಂದಾಗ ಪಾಚಿಗಟ್ಟಿದ ನೀರಿನ ಬಣ್ಣ. ವಾಪಸು ಕಳಿಸುತ್ತೇನೆ. ಮತ್ತೆ ಬರುತ್ತದೆ, ಸ್ವಲ್ಪ ಪರವಾಗಿಲ್ಲ. ಮೂರನೆಯ ಸಲಕ್ಕೆ ನೀಲಿ ಎನ್ನಬಹುದಾದ ನೀಲಿ. ಮೊದಲೇ ಯಾಕೆ ಹೀಗೆ ಹಾಕುವುದಿಲ್ಲ? ನೀಲಿ ಕಲ್ಲು ದೂರದಿಂದ ಬರುವ ವಸ್ತು. ಅದನ್ನು ಉಳಿಸಿಕೊಂಡು ಹಸಿರು ಬೆರೆಸುತ್ತಿದ್ದಾಳೆ ಎಂದು ಲೆಕ್ಕ ಹಾಕಿದೆ. ಒಂದು ದಿನ ಅವಳಿಲ್ಲದಾಗ ನೀಲಿಯ ಪುಡಿ ತೂಗಿ ನೋಡಿದೆ. ತೂಕ ಸರಿಯಾಗಿತ್ತು. ನನ್ನ ಸಂಶಯ ಇನ್ನೂ ಗಟ್ಟಿಯಾಯಿತು. ಕಳ್ಳರು ಜಾಣರಾದಾಗ ತೂಕ ಸರಿಯಾಗಿಯೇ ಇರುತ್ತದೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಬೇರೆ ಸಂಗತಿ. ಹಾಳೆಯಲ್ಲಿರುವ ಬಣ್ಣವೇ ಹಕ್ಕಿಗೆ ಬರಬೇಕು. ಅದು ತಪ್ಪಿದ್ದು ಊರಿನ ಚರಿತ್ರೆಯಲ್ಲೇ ಇಲ್ಲ. ಹಾಗಿರುವಾಗ, ನಾನು ಮುದ್ರೆ ಒತ್ತಿದ ಹಾಳೆಯಲ್ಲಿ ನೀಲಿ, ಗೋಡೆಯಿಂದ ಹಾರಿ ಹೋದ ಮಿಂಚುಳ್ಳಿಯಲ್ಲಿ ಪಾಚಿ ಬಣ್ಣ! ಎರಡು ವರ್ಷ ಹೀಗೇ ಆಯಿತು. ಕೆರೆಯ ತೂಬಿನ ಹತ್ತಿರದ ಚಹಾ ಅಂಗಡಿಯಲ್ಲಿ ಕೂತು, ನೀರಿಗೆ ಬೀಳುತ್ತಿದ್ದ ಮಿಂಚುಳ್ಳಿಯನ್ನು ತೋರಿಸಿ ಅಂಗಡಿಯವನನ್ನು ಕೇಳಿದೆ. “ಅದು ಯಾವ ಬಣ್ಣ?” ಅವನು ನನ್ನ ಮುಖ ನೋಡಿ, ಲೋಟ ತೊಳೆಯುವುದನ್ನು ನಿಲ್ಲಿಸಿ, “ನೀಲಿ ಮೇಷ್ಟ್ರೇ, ಇನ್ನೇನು” ಎಂದ. ಉತ್ತರ ಕೊಡಲು ಅಷ್ಟು ಹೊತ್ತು ಯಾಕೆ ಬೇಕಿತ್ತು? ಅವನ ಹೆಂಡತಿ ದೇವೀರಮ್ಮನ ದೊಡ್ಡಮ್ಮನ ಮಗಳು ಎಂಬುದು ಆಗ ನೆನಪಾಯಿತು.

ಹಾಗಾದರೆ ಮುದ್ರೆಗೂ ಗೋಡೆಗೂ ನಡುವೆ ಯಾರೋ ಹಾಳೆ ಬದಲಾಯಿಸುತ್ತಿದ್ದಾರೆ. ಈ ವರ್ಷ ಹಿಡಿದೇ ಹಿಡಿಯುತ್ತೇನೆ ಎಂದು ಪಣ ತೊಟ್ಟೆ. ನಲವತ್ತನೆಯ ದಿನ, ಕೊನೆಯ ದಿನ, ಮಿಂಚುಳ್ಳಿಯದೊಂದೇ ಹಾಳೆ ಬಾಕಿ ಇತ್ತು. ದೇವೀರಮ್ಮ ನಾಲ್ಕನೆಯ ಸಲ ತಂದಳು. ಈ ಸಲವೂ ನನಗೆ ಪೂರ್ತಿ ಸಮಾಧಾನವಿರಲಿಲ್ಲ, ಆದರೂ ನೀಲಿ ಎನ್ನಬಹುದಿತ್ತು. ಬಣ್ಣದ ಮೇಲೆ ಅಂಟು ಮಿರಮಿರ ಹೊಳೆಯುತ್ತಿತ್ತು. ಮೂರು ವರ್ಷದಿಂದ ನಂಜಮ್ಮಜ್ಜಿ ನೀಲಿಗೆ ಮಾತ್ರ ಅಂಟು ಹೆಚ್ಚು ಬೆರೆಸುತ್ತಿದ್ದಾಳೆ ಎಂಬುದನ್ನೂ ನಾನು ಗಮನಿಸಿದ್ದೆ. ಮುದ್ರೆ ಒತ್ತಿದೆ. ಅವಳು ಆ ಕಡೆ ತಿರುಗಿದಾಗ ಬಾಲದ ತುದಿಯಲ್ಲಿ ಸೂಜಿಯಿಂದ ಒಂದು ಗುರುತು ಮಾಡಿದೆ. ದೇವೀರಮ್ಮನನ್ನು ಹೊರಹಾಕಬೇಕು ಎಂದು ಹಿರಿಯರಿಗೆ ಬರೆದ ಕಾಗದ ಆಗಲೇ ಜೇಬಿನಲ್ಲಿತ್ತು. “ಊಟ ಮಾಡಿ ಮಲಗಿ ಏಳ್ತೀನಿ, ಮೂರು ಗಂಟೆ ಆಗ್ತದೆ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೊರಟೆ. ಕೆರೆ ಏರಿಯವರೆಗೆ ಹೋಗಿ, ಅರ್ಧ ಗಂಟೆ ಅರಳಿಮರದ ಕೆಳಗೆ ಕೂತು, ಹಿತ್ತಿಲಿನಿಂದ ವಾಪಸು ಬಂದೆ. ಹಸಿವಾಗಿತ್ತು. ಅದನ್ನೂ ಅವರ ಲೆಕ್ಕಕ್ಕೇ ಸೇರಿಸಿದೆ.

ಅಂಟು ಕಾಯಿಸುವ ಒಲೆಯ ಪಕ್ಕದ ಬಾಗಿಲಿನಿಂದ ಇಣುಕಿದೆ. ಐವರೂ ಕಿಟಕಿಯ ಹತ್ತಿರ ಗುಂಪಾಗಿದ್ದರು. ನಡುವೆ ನನ್ನ ಮುದ್ರೆಯಿದ್ದ ಹಾಳೆ. ದೇವೀರಮ್ಮ ಒದ್ದೆ ಬಟ್ಟೆಯಿಂದ ಮಿಂಚುಳ್ಳಿಯ ಬೆನ್ನಿನ ನೀಲಿಯನ್ನು ಒತ್ತಿ ಒತ್ತಿ ತೆಗೆಯುತ್ತಿದ್ದಳು. ಆ ಬಣ್ಣ ಹಾಲಿನ ಕೆನೆಯ ಹಾಗೆ ಎದ್ದು ಬರುತ್ತಿತ್ತು. ಹೆಚ್ಚಿನ ಅಂಟು ಯಾತಕ್ಕೆ ಎಂದು ಆಗ ತಿಳಿಯಿತು. ಹಸಿರಿನವಳು ಕೈಯಲ್ಲಿ ಕಪ್ಪೆಚಿಪ್ಪು ಹಿಡಿದುಕೊಂಡಿದ್ದಳು. ಅದರಲ್ಲಿ ಪಾಚಿ ಬಣ್ಣ. ದೇವೀರಮ್ಮ ಅದರಲ್ಲಿ ಕುಂಚ ಅದ್ದಿ ತೊಳೆದ ಜಾಗಕ್ಕೆ ಎಳೆಯತೊಡಗಿದಳು.

“ಕಳ್ಳಿ!” ಎಂದು ಕೂಗಿದೆ. ನನ್ನ ಜೀವಮಾನದ ಅತಿ ದೊಡ್ಡ ಸಂತೋಷ ಅದು ಎಂದು ಹೇಳಲು ನಾಚಿಕೆಯಾಗುತ್ತದೆ. ನಾನು ಹೇಳಿದ್ದೇ ಸರಿಯಾಗಿತ್ತಲ್ಲ!

ಉಳಿದವರು ಹೌಹಾರಿದರು. ದೇವೀರಮ್ಮ ಕುಂಚ ಕೆಳಗಿಡಲಿಲ್ಲ. “ಒಂದು ನಿಮಿಷ ತಡೀರಿ ಮೇಷ್ಟ್ರೇ, ಅಂಚು ಒಣಗಿದ್ರೆ ಕಲೆ ನಿಂತುಬಿಡ್ತದೆ” ಎಂದಳು.

ನಾನು ತಡೆದೆ. ನಗಬೇಡಿ. ಒದ್ದೆ ಬಣ್ಣದ ಅಂಚನ್ನು ಒಣಗಲು ಬಿಡಬಾರದು ಎಂದು ಅವಳ ತಾಯಿಗೆ ಕಲಿಸಿದವನೇ ನಾನು. ಅವಳು ಭುಜದಿಂದ ಬಾಲದವರೆಗೆ ಒಂದೇ ಉಸಿರಿನಲ್ಲಿ ಎಳೆದು ಮುಗಿಸುವವರೆಗೆ ಹಿಂದೆ ನಿಂತು ನೋಡಿದೆ. ಕೈ ಒಳ್ಳೆಯದು, ಸುಳ್ಳು ಹೇಳಬಾರದು. ಅವಳು ಕುಂಚವನ್ನು ನೀರಿಗೆ ಹಾಕಿದ ಮೇಲೆ ನಾನು ಜೇಬಿನಿಂದ ಕಾಗದ ತೆಗೆದು ತೋರಿಸಿದೆ. “ಇದು ಸಂಜೆಯೊಳಗೆ ಹಿರಿಯರ ಕೈ ಸೇರ್ತದೆ. ನೀನು, ನಿನ್ನ ಮಗಳು, ಇನ್ನು ಈ ಮೇಜು ಮುಟ್ಟೋ ಹಾಗಿಲ್ಲ.” ಇನ್ನೊಂದು ಕೈಯಲ್ಲಿ ಮೊಳೆ ತೆಗೆದುಕೊಂಡೆ. ಒತ್ತಿದ ಮುದ್ರೆಯ ಮೇಲೆ ಮೊಳೆಯಿಂದ ಗೀರಿದರೆ ಹಾಳೆ ರದ್ದು.

“ಗೀರಬೇಡ ನರಹರಿ” ಎಂದಳು ನಂಜಮ್ಮಜ್ಜಿ. ಅಂಟಿನ ಸೌಟು ಅವಳ ಕೈಯಲ್ಲೇ ಇತ್ತು. “ಇನ್ನೊಂದು ಹಾಳೆ ಮಾಡಾಕೆ ಹೊತ್ತಿಲ್ಲ. ನಾಳೆ ಆ ಹಕ್ಕಿ ಹೋದ್ರೆ ಹೋದಂಗೆ. ನಿನ್ನ ಕಣ್ಮುಂದೆ ತೂಬಿನ ಮೇಲೆ ಕೂತ್ಕೊಂಡು ಬೆಳೆದದ್ದಲ್ವಾ ಅದು?”

“ಪಾಚಿ ಬಳಿದ ಹಕ್ಕಿ ಇದ್ದರೆಷ್ಟು ಬಿಟ್ಟರೆಷ್ಟು?” ಎಂದೆ.

ದೇವೀರಮ್ಮ ಆಗ ತಲೆ ಎತ್ತಿದಳು. ನಾನು ಅವಳ ಕಣ್ಣನ್ನು ಅಷ್ಟು ನೇರವಾಗಿ ನೋಡಿದ್ದು ಅದೇ ಮೊದಲು. “ಗೀರೋದಿದ್ರೆ ಗೀರಿ ಮೇಷ್ಟ್ರೇ. ಕಾಗದ ಕೊಡೋದಿದ್ರೂ ಕೊಡಿ. ಅದಕ್ಕೆ ಮೊದಲು ಪೆಟ್ಟಿಗೆ ತೆಗೆದು ನಿಮ್ಮ ಮಾದರಿನ ಪಕ್ಕದಲ್ಲಿಡಿ. ಅಷ್ಟೇ ಕೇಳೋದು ನಾನು.”

ತೆಗೆಯದೆ ಏನು? ಇವರ ಬಾಯಿ ಮುಚ್ಚಿಸಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಬೀಗ ತುಕ್ಕು ಹಿಡಿದಿತ್ತು, ಎರಡು ಹನಿ ಎಣ್ಣೆ ಬಿಡಬೇಕಾಯಿತು. ಬೇವಿನೆಲೆಯ ನಡುವೆ ಸುತ್ತಿಟ್ಟಿದ್ದ ಮಾದರಿಗಳಲ್ಲಿ ನಲವತ್ತೊಂದನೆಯದು ಮಿಂಚುಳ್ಳಿ. ತೆಗೆದು ದೇವೀರಮ್ಮನ ಹಾಳೆಯ ಪಕ್ಕ ಇಟ್ಟೆ.

ಎರಡೂ ಪಾಚಿ ಬಣ್ಣ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಮಾದರಿಯನ್ನೂ ಬದಲಾಯಿಸಿದ್ದೀರಿ” ಎಂದೆ. ಬೀಗದ ಕೈ ಇಪ್ಪತ್ತೆಂಟು ವರ್ಷದಿಂದ ನನ್ನ ಸೊಂಟದಲ್ಲಿದೆ, ಬೀಗಕ್ಕೆ ತುಕ್ಕು ಹಿಡಿದದ್ದನ್ನು ಈಗತಾನೇ ನಾನೇ ಬಿಡಿಸಿದ್ದೇನೆ. ಆದರೂ ಹಾಗೇ ಅಂದೆ. ನಂಜಮ್ಮಜ್ಜಿ ತನ್ನಷ್ಟಕ್ಕೆ, “ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ” ಎಂದು ಗೊಣಗಿದಳು. ಆಗ ನನಗೆ ಸೂಜಿಯ ತೂತು ನೆನಪಾಯಿತು. ಇದು ಬೇರೆ ಹಾಳೆಯಾದರೆ ತೂತು ಇರುವುದಿಲ್ಲ. ಇವರಿಗೆ ಅದು ಗೊತ್ತಿರಲು ಸಾಧ್ಯವೇ ಇಲ್ಲ. ಸಿಕ್ಕಿಬಿದ್ದರು ಎಂದುಕೊಂಡು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಬಲಗಾಲಿನ ಮೂರನೆಯ ಉಗುರಿನಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದು ಬೆಳಕಿನ ಚುಕ್ಕೆ ಇತ್ತು.

ಎಷ್ಟು ಹೊತ್ತು ಹಾಗೆ ಹಿಡಿದು ನಿಂತಿದ್ದೆನೋ ಗೊತ್ತಿಲ್ಲ. ಒಲೆಯ ಮೇಲಿನ ಅಂಟು ಉಕ್ಕಿ, ಅಜ್ಜಿ ಓಡಿ ಹೋಗಿ ಇಳಿಸಿ ಬಂದಳು. ಅದು ನನ್ನ ಹಾಳೆ. ನನ್ನ ಹನ್ನೆರಡು ದಿನದ ಕೆಲಸ. ನಾನು ಹಾಕಿದ ನೀಲಿ, ನನ್ನ ಕಣ್ಣಿಗೆ ಕೆಸರು. ಪಂಚೆ ನೆನಪಾಯಿತು, ಹಳದಿ ಕಾಗದ ನೆನಪಾಯಿತು, ದೀಪದ ಸುತ್ತಲಿನ ಬಳೆ ನೆನಪಾಯಿತು. ಹಸಿರಿನವಳ ಮಣೆಯ ಮೇಲೆ ಕೂತುಬಿಟ್ಟೆ.

“ಎಷ್ಟು ವರ್ಷದಿಂದ?” ಎಂದು ಕೇಳಿದೆ.

“ಮೂರು” ಎಂದಳು ದೇವೀರಮ್ಮ. “ನಿಮಗೆ ಒಪ್ಪಿಗೆ ಆಗೋ ತನಕ ಗಾಢ ಹಾಕ್ತೀವಿ. ನೀವು ಮುದ್ರೆ ಒತ್ತಿ ಊಟಕ್ಕೆ ಹೋದ ಮೇಲೆ ತೊಳೆದು ಸರಿ ಮಾಡ್ತೀವಿ. ಹಂಗೇ ಬಿಟ್ಟಿದ್ರೆ ನವಿಲು, ನೀಲಕಂಠ, ಎಲ್ಲಾನೂ ಬದನೆಕಾಯಿ ಬಣ್ಣ ಆಗ್ತಿದ್ವು ಮೇಷ್ಟ್ರೇ.”

“ನನಗೆ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಬಾರದಿತ್ತಾ?”

 ಅವಳು ಸಿಟ್ಟಿಲ್ಲದೆ ಹೇಳಿದಳು. “ಆಚಾರ್ರು ಹೇಳಿದ್ರಲ್ಲ ಮೇಷ್ಟ್ರೇ.”



ಮೊಳೆಯನ್ನು ಮೇಜಿನ ಮೇಲಿಟ್ಟು ಮನೆಗೆ ಹೋದೆ. ಕಾಗದ ಜೇಬಿನಲ್ಲೇ ಇತ್ತು, ಹರಿಯಲಿಲ್ಲ. ನಿಜ ಹೇಳಬೇಕೆಂದರೆ ನನ್ನೊಳಗಿನ ಹುಳ ಇನ್ನೂ ಸತ್ತಿರಲಿಲ್ಲ. ಐದು ಜನ ಒಂದೇ ಮಾತು ಹೇಳಿದರೆ ಅದು ನಿಜವೂ ಆಗಿರಬಹುದು, ಸಂಚೂ ಆಗಿರಬಹುದು. ಹಾಳೆ ನನ್ನದೇ, ಒಪ್ಪಿದೆ. ಆದರೆ ಒದ್ದೆ ಬಟ್ಟೆಯಿಂದ ಬಣ್ಣ ತೆಗೆಯುವ ವಿದ್ಯೆ ಬಲ್ಲವರು ಮಾದರಿಯನ್ನೇ ತೊಳೆದು ಬೇರೆ ಬಣ್ಣ ಹಾಕಿದ್ದರೆ? ಬೀಗದ ಕೈಗೆ ನಕಲು ಮಾಡಿಸಿ, ಬೀಗಕ್ಕೆ ಉಪ್ಪುನೀರು ಹಾಕಿ ತುಕ್ಕು ಹಿಡಿಸಿದ್ದರೆ? ಹೀಗೂ ಯೋಚಿಸಿದೆ. ಯೋಚಿಸುತ್ತಲೇ, ಎಂಥ ಮನುಷ್ಯನಾಗಿಬಿಟ್ಟಿದ್ದೇನೆ ಎಂದು ನನ್ನ ಮೇಲೇ ಅಸಹ್ಯವಾಯಿತು. ಅವರ ಕಡೆಯವರಾಗಲಿ ನನ್ನ ಕಡೆಯವರಾಗಲಿ ಕೊಡುವ ಯಾವ ಸಾಕ್ಷಿಯೂ ಸಾಲದು. ನನಗೆ ಬೇಕಾಗಿದ್ದದ್ದು ನನ್ನ ಕೇಡು ಬಯಸುವವನ ಸಾಕ್ಷಿ.

ಮರುದಿನ ಹೊತ್ತು ಮೂಡುವ ಮೊದಲೇ ಹಾಳೆಗಳು ಗೋಡೆಯ ಮೇಲಿದ್ದವು. ಊರಿಗೆ ಊರೇ ಅಂಗಳದ ಹೊರಗೆ ನೆರೆದಿತ್ತು. ಬೇಲಿಯ ಆಚೆ, ಎಲ್ಲರಿಗಿಂತ ಹಿಂದೆ, ನಾಗಲಿಂಗಾಚಾರಿ ನಿಂತಿದ್ದ. ಹೊರಹಾಕಿದ ಮೇಲೂ ಪ್ರತಿ ವರ್ಷ ಬರುತ್ತಾನೆ, ಹೊಸ್ತಿಲು ದಾಟುವುದಿಲ್ಲ. ನಾನು ತಪ್ಪು ಮಾಡುವುದನ್ನು ನೋಡಿ ನಗಲು ಬರುತ್ತಾನೆ ಎಂದು ಇಷ್ಟು ದಿನ ತಿಳಿದಿದ್ದೆ. ನಾನು ಬೇಲಿ ದಾಟಿ ಅವನ ಪಕ್ಕ ಹೋಗಿ ನಿಂತೆ. ಅವನು ನೋಡಿ, ಸ್ವಲ್ಪ ಸರಿದು ಜಾಗ ಬಿಟ್ಟ.

ಬಿಸಿಲು ಗೋಡೆಗೆ ತಾಗಿತು. ಗಿಳಿಗಳು ಗಲಾಟೆ ಮಾಡುತ್ತ ಬಂದವು, ಹಸಿರಾಗಿ ಹೋದವು. ಮಂಗಟ್ಟೆ ಬಂತು. ಸೂರಕ್ಕಿ ಬಂತು. ಕಾಗೆಗಳು ಕಪ್ಪಾಗಿ ಹಾರಿದಾಗ ಜನ ಎಂದಿನಂತೆ ನಕ್ಕರು. ಮಿಂಚುಳ್ಳಿ ಯಾವಾಗಲೂ ತಡ. ಬಿಳಿ ಕೊಕ್ಕು, ಬಿಳಿ ಬೆನ್ನು, ಒಂದೇ ಒಂದು ಬಂದು ತನ್ನ ಹಾಳೆಯ ಎದುರು ಕಲ್ಲಿನ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ರೆಕ್ಕೆ ಕೊಡವಿ ಎದ್ದು, ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ, ಬೇಲಿಯ ಕಂಬದ ಮೇಲೆ ಕೂತಿತು. ಮೂರು ಮಾರು ದೂರ. ನನಗೆ ಕಂಡದ್ದು ಅದೇ ಪಾಚಿ.

“ಆಚಾರ್ರೇ” ಎಂದೆ. ನಾಲ್ಕು ವರ್ಷದ ಮೇಲೆ ಅವನೊಡನೆ ಆಡಿದ ಮೊದಲ ಮಾತು. “ಅದು ಯಾವ ಬಣ್ಣ?”

ಅವನು ತಿರುಗಿ ನನ್ನ ಕಣ್ಣನ್ನೇ ನೋಡಿದ. ಬೇಕೆಂದಿದ್ದರೆ ಅವನು ಆಗ ನನ್ನನ್ನು ಮುಗಿಸಿಬಿಡಬಹುದಿತ್ತು. ಪಾಚಿ ಬಣ್ಣ ಮೇಷ್ಟ್ರೇ, ಹೆಂಗಸರು ಮೋಸ ಮಾಡಿದ್ದಾರೆ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನು ಆ ಕಾಗದ ಕೊಟ್ಟು, ದೇವೀರಮ್ಮನನ್ನು ಬೀದಿಗೆ ಹಾಕಿ, ಮುಂದಿನ ವರ್ಷ ನನ್ನ ಕೈಯಾರೆ ಊರಿನ ನೀಲಿಯನ್ನೆಲ್ಲ ಹಾಳುಮಾಡಿ, ಎಲ್ಲರಿಂದ ಉಗಿಸಿಕೊಳ್ಳುತ್ತಿದ್ದೆ. ಹಿಂದಿನ ದಿನದ ಗಲಾಟೆ ಊರಿಗೆಲ್ಲ ತಿಳಿದಿತ್ತು, ಇದನ್ನೆಲ್ಲ ಅವನು ಬಲ್ಲವನೇ.

“ನಿಮಗೆ ಹೆಂಗೆ ಕಾಣ್ತದೆ?” ಎಂದು ಕೇಳಿದ.

“ಕೆಸರು” ಎಂದೆ. ಬೇರೆ ಯಾರ ಮುಂದೂ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

“ನೀಲಿ ಮೇಷ್ಟ್ರೇ” ಎಂದ ಆಚಾರಿ. “ಬೆನ್ನಿನ ಮೇಲೆ ತೆಳು, ಭುಜದ ಹತ್ರ ಗಾಢ. ಬಾಲಕ್ಕೆ ಬಂದಂಗೆ ಮತ್ತೆ ತಿಳಿಯಾಗ್ತದೆ. ನೀವು ಮಾದರಿ ಬರೆದಾಗ ನಾನು ಮೊದಲ ಹಾಳೆ ಅಚ್ಚು ತೆಗೆದುಕೊಟ್ಟಿದ್ನಲ್ಲ, ಹಂಗೇ ಇದೆ. ಒಂದು ಚೂರೂ ಆಚೀಚೆ ಆಗಿಲ್ಲ.”

ಕಣ್ಣು ಮುಚ್ಚಿಕೊಂಡೆ. ಆ ಹನ್ನೆರಡು ದಿನದ ನೀಲಿ ಹಾಗೇ ಎದ್ದು ಬಂತು, ತೆಳು, ಗಾಢ, ಮತ್ತೆ ತಿಳಿ. ಅಷ್ಟು ಜನರ ನಡುವೆ ನಿಂತು ಅತ್ತೆ. ಆಚಾರಿ ಹೆಗಲ ಮೇಲಿನ ವಸ್ತ್ರ ತೆಗೆದು ಕೊಟ್ಟ. “ಪೊರೆ ಬಂದಿದೆ ಅಷ್ಟೇ. ನಮ್ಮಪ್ಪನಿಗೂ ಬಂದಿತ್ತು. ಹೊಳೆಯಾಚೆ ಒಬ್ಬ ವೈದ್ಯ ತೆಗೀತಾನೆ” ಎಂದ. ನಾನು ಆ ವೈದ್ಯ ಎಂಥವನು, ಯಾರ ಕಡೆಯವನು, ಎಷ್ಟು ಜನರ ಕಣ್ಣು ಕಳೆದಿದ್ದಾನೆ ಎಂದು ಕೇಳಿದೆ. ಆಚಾರಿ ನಕ್ಕುಬಿಟ್ಟ.

ಕಾಗದವನ್ನು ಅಲ್ಲೇ ಹರಿದೆ. ಮುದ್ರೆಯನ್ನು ಉಡಿದಾರದಿಂದ ಬಿಚ್ಚಲು ನನ್ನ ಕೈಲಾಗಲಿಲ್ಲ, ಇಪ್ಪತ್ತೆಂಟು ವರ್ಷದ ಗಂಟು. ದೇವೀರಮ್ಮ ಬಂದು ಹಲ್ಲಿನಿಂದ ಕಚ್ಚಿ ಬಿಚ್ಚಿಕೊಂಡಳು. ಬೀಗದ ಕೈಯನ್ನೂ ಕೊಟ್ಟು, ಪೆಟ್ಟಿಗೆ ದಿನವೂ ತೆರೆದಿರಲಿ ಎಂದೆ. ಹಿರಿಯರು ಪಕ್ಕದಲ್ಲೇ ಇದ್ದರು. ನಾಗಲಿಂಗಾಚಾರಿಯ ಮೇಲೆ ನಾಲ್ಕು ವರ್ಷದ ಹಿಂದೆ ಬರೆದದ್ದು ಸುಳ್ಳು ಎಂದು ಅವರ ಮುಂದೆ ಕೇಳುವ ಹಾಗೆ ಹೇಳಿದೆ. ಕಟ್ಟಳೆ ಕಟ್ಟಳೆಯೇ, ಯೋಚನೆ ಮಾಡಬೇಕು ಎಂದರು. ಮಾಡಲಿ, ನಾನು ದಿನಾ ಹೋಗಿ ಅವರ ಜಗಲಿಯಲ್ಲಿ ಕೂರುತ್ತೇನೆ.

ಮನೆಗೆ ಹೋಗುವ ದಾರಿಯಲ್ಲಿ ಆಚಾರಿ ನನ್ನ ಜೊತೆಗೇ ಬಂದ. ಮುದ್ದಯ್ಯನ ಮನೆಯ ಮುಂದೆ ನಿಂತು ಕೂಗಿದೆ. ಅವನು ಬೈಗುಳಕ್ಕೆ ತಯಾರಾಗಿಯೇ ಹೊರಗೆ ಬಂದ, ಸೊಂಟದ ಮೇಲೆ ಕೈಯಿಟ್ಟುಕೊಂಡು.

“ಪಂಚೆ ಬೆಳ್ಳಗೇ ಇದೆ ಕಣಪ್ಪ ಮುದ್ದಯ್ಯ” ಎಂದೆ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಈ ಸಲ ಸಂಶಯ ಅವನಿಗೆ. “ಅಂಗಂತ ಯಾರು ಹೇಳಿದ್ರು ನಿಮಗೆ?” ಎಂದು ಕೇಳಿದ.

“ಆಚಾರ್ರು ಹೇಳಿದ್ರು” ಎಂದೆ.